ಹಿಮದ ಗೊಂಬೆಯ ಉಪಕಾರ

ಡಿಸ್ನಿಯಷ್ಟು ಧಾರಾಳ ಮನಸ್ಸಿನ ಕಂಪನಿ ಇನ್ನೊಂದು ಸಿಗಲಿಕ್ಕಿಲ್ಲ. 2017ರಲ್ಲಿ ಜನ 'ಕೊಕೊ' ನೋಡಲು ದುಡ್ಡು ಕೊಟ್ಟು ಒಳಗೆ ಕೂತರು. ಅದಕ್ಕೂ ಮುಂಚೆ 21 ನಿಮಿಷ ಇನ್ನೊಂದು ಚಿತ್ರವನ್ನು ಪುಕ್ಕಟೆ ತೋರಿಸಲಾಯಿತು. ಜನ ಏನು ಮಾಡಿದರು? ಬೈದರು. ಉಪಕಾರ ಸ್ಮರಣೆ ಈ ಕಾಲದಲ್ಲಿ ಎಲ್ಲಿದೆ ಹೇಳಿ.

'ಕೊಕೊ' ಮಾಡಿದ್ದು ಡಿಸ್ನಿಯದೇ ಅನಿಮೇಷನ್ ಸ್ಟುಡಿಯೊ ಪಿಕ್ಸಾರ್. ಅದರ ಸಿನಿಮಾಕ್ಕೆ ಮುಂಚೆ ಒಂದು ಪುಟ್ಟ ಚಿತ್ರ ಬರುವುದು ಹಳೇ ರೂಢಿ. ಹಿಂದಿನ ವರ್ಷ 'ಫೈಂಡಿಂಗ್ ಡೋರಿ'ಗೆ ಮುಂಚೆ ಬಂದ 'ಪೈಪರ್' ಆರೇ ನಿಮಿಷದ್ದು. ಕಡಲ ದಂಡೆಯ ಒಂದು ಹಕ್ಕಿಮರಿ, ಅದಕ್ಕೆ ಅಲೆಯ ಭಯ, ಅಷ್ಟೇ. ಮಾತೇ ಇಲ್ಲ. ಆಸ್ಕರ್ ಬೇರೆ ಬಂತು. ಇದು ತೀರಾ ಜಿಪುಣತನ ಅಂತ ಡಿಸ್ನಿಗೆ ಅನ್ನಿಸಿರಬೇಕು. ಟಿವಿಗೆ ಅಂತ ಶುರುವಾಗಿದ್ದ, ತನ್ನದೇ ಇನ್ನೊಂದು ಸಿನಿಮಾ 'ಫ್ರೋಜನ್' ಬಳಗದ ಕ್ರಿಸ್‌ಮಸ್ ವಿಶೇಷವನ್ನು ಎತ್ತಿ ತಂದು 'ಕೊಕೊ' ತಲೆ ಮೇಲೆ ಕೂರಿಸಿತು. ಹೆಸರು 'ಓಲಾಫ್ಸ್ ಫ್ರೋಜನ್ ಅಡ್ವೆಂಚರ್'. ಓಲಾಫ್ ಅಂದರೆ 'ಫ್ರೋಜನ್'ನ ಮಾತಾಡುವ ಹಿಮದ ಗೊಂಬೆ. ಹಾಡು ಮುಗಿಯಿತು ಅಂದುಕೊಂಡರೆ ಇನ್ನೊಂದು ಹಾಡು. ಬೀಗರೂಟಕ್ಕೆ ಕರೆದು, ಎಲೆ ಮುಂದೆ ಕೂರಿಸಿ, ಪಕ್ಕದ ಮನೆ ಮಗುವಿನ ನಾಮಕರಣದ ವಿಡಿಯೊ ಪೂರ್ತಿ ತೋರಿಸಿದ ಹಾಗೆ.

ಮೊದಲ ಪೆಟ್ಟು ಬಿದ್ದದ್ದು ಮೆಕ್ಸಿಕೊಗೆ. 'ಕೊಕೊ' ಅವರದೇ ಕಥೆ. ಸತ್ತ ಹಿರಿಯರು ವರ್ಷಕ್ಕೊಮ್ಮೆ ಮನೆಗೆ ಬರುತ್ತಾರೆ. ಅವರಿಗೆ ಚೆಂಡುಹೂವಿನ ದಾರಿ, ಫೋಟೊ ಮುಂದೆ ಎಡೆ. ನವೆಂಬರ್ ಮೊದಲ ಎರಡು ದಿನ ಈ ಹಬ್ಬ. ಸಿನಿಮಾ ಅಲ್ಲಿ ತೆರೆ ಕಂಡದ್ದು ಅಕ್ಟೋಬರ್ 27ಕ್ಕೆ. ಅಮೆರಿಕದವರಿಗಿಂತ ಮುಂಚೆ! ಅಜ್ಜಿಯನ್ನೂ ಮೊಮ್ಮಕ್ಕಳನ್ನೂ ಕರಕೊಂಡು ಜನ ಹೋದರು. ದೀಪ ಆರಿತು. ತೆರೆ ಮೇಲೆ ಹಿಮ, ಅರಮನೆ, ಕ್ರಿಸ್‌ಮಸ್ ಗಂಟೆ, ಕ್ಯಾರೆಟ್ ಮೂಗಿನ ಓಲಾಫ್. ದೂರುಗಳು ಎಷ್ಟು ಬಂದವೆಂದರೆ, ಅಲ್ಲಿನ ಥಿಯೇಟರ್‌ಗಳು ಕೆಲವೇ ದಿನಗಳಲ್ಲಿ ಆ ಚಿತ್ರವನ್ನೇ ತೆಗೆದುಹಾಕಿದವು. ಅಮೆರಿಕದಲ್ಲಂತೂ 'ಮೊದಲು ಇಪ್ಪತ್ತು ನಿಮಿಷದ ಕಿರುಚಿತ್ರ ಇದೆ, ನೀವು ಸರಿಯಾದ ಹಾಲ್‌ಗೇ ಬಂದಿದ್ದೀರಿ' ಅನ್ನೋ ಅರ್ಥದ ಬೋರ್ಡು ಬಂತು. ಟಿಕೆಟ್ ಕೊಂಡವನಿಗೆ ತಾನು ಎಲ್ಲಿ ಕೂತಿದ್ದೇನೆ ಅಂತ ಧೈರ್ಯ ಹೇಳಬೇಕಾದ ಸಿನಿಮಾ ಇನ್ನೊಂದಿದ್ದರೆ ತಿಳಿಸಿ.

ಅಷ್ಟಕ್ಕೂ ಆ 21 ನಿಮಿಷದಲ್ಲಿ ಏನಿತ್ತು? ಅರಮನೆಯ ಇಬ್ಬರು ಅಕ್ಕತಂಗಿಯರಿಗೆ ತಮ್ಮ ಮನೆಗೆ ಒಂದು ಹಬ್ಬದ ಸಂಪ್ರದಾಯವೂ ಇಲ್ಲ ಅನ್ನೋ ಕೊರಗು. ಓಲಾಫ್ ಹಿಮಬಂಡಿ ಹೂಡಿಸಿಕೊಂಡು ಮನೆಮನೆಗೆ ಹೋಗಿ ಕಂಡವರ ಸಂಪ್ರದಾಯಗಳನ್ನು ಹೇರಿಕೊಂಡು ಬರುತ್ತಾನೆ. ಬಂಡಿಗೆ ಬೆಂಕಿ ಬೀಳುತ್ತದೆ. ಕೊನೆಗೆ ಗೊತ್ತಾಗುವುದೇನು? ಆ ಮನೆಯ ಸಂಪ್ರದಾಯ ಅಂದರೆ ಓಲಾಫೇ! ಅಂಗಡಿಯಲ್ಲಿ ಗೊಂಬೆಯಾಗಿ ಸಿಗುವ ಅದೇ ಓಲಾಫ್. ತಲೆತಲಾಂತರದಿಂದ ಹಿರಿಯರಿಗೆ ಎಡೆ ಇಡುವ ಜನರನ್ನು ಕೂರಿಸಿ, ಸಂಪ್ರದಾಯ ಅಂದರೇನು ಅಂತ ಪಾಠ ಹೇಳಿದ್ದು ಈ ಗೊಂಬೆ.

ಪರರ ಸಂಪ್ರದಾಯ ಬಂಡಿಗೆ ಹೇರುವುದರಲ್ಲಿ ಕಂಪನಿಗೆ ಅನುಭವ ಇಲ್ಲದೇನಿಲ್ಲ. 2013ರಲ್ಲಿ 'ಕೊಕೊ' ತಯಾರಿಯಲ್ಲಿ, ಮೆಕ್ಸಿಕೊದ ಆ ಹಿರಿಯರ ಹಬ್ಬದ ಹೆಸರನ್ನೇ, 'ದಿಯಾ ದೆ ಲೋಸ್ ಮುಯೆರ್ತೋಸ್' ಅನ್ನೋದನ್ನೇ, ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಅರ್ಜಿ ಹಾಕಿತ್ತು. ಆಟಿಕೆ, ಬಟ್ಟೆ, ಹಣ್ಣಿನ ಜಾಮು ತರದ್ದು, ಎಲ್ಲಕ್ಕೂ. ನಾಳೆ ಯಾರೋ ಬಂದು 'ಯುಗಾದಿ' ಅನ್ನೋ ಪದ ನಮ್ಮದು, ಬೇವು ಬೆಲ್ಲ ಹಂಚುವ ಮುಂಚೆ ಕೇಳಿ ಅಂದರೆ ಹೇಗಿರುತ್ತೆ ಅಲ್ವಾ? ಗಲಾಟೆ ಎದ್ದಿತು, ಅರ್ಜಿ ವಾಪಸ್ ಹೋಯಿತು. ಲಾಲೊ ಅಲ್ಕರಾಸ್ ಅನ್ನೋ ವ್ಯಂಗ್ಯಚಿತ್ರಕಾರ ಆಗ ಡಿಸ್ನಿಯನ್ನು ಚೆನ್ನಾಗಿ ಲೇವಡಿ ಮಾಡಿದ್ದರು. ಆಮೇಲೆ ಅವರನ್ನೇ 'ಕೊಕೊ'ಗೆ ಸಲಹೆಗಾರರಾಗಿ ಸೇರಿಸಿಕೊಂಡರು. ಇದು ನಿಜಕ್ಕೂ ಜಾಣತನ, ಒಪ್ಪುತ್ತೇನೆ. ಸಿನಿಮಾ ಮೆಕ್ಸಿಕೊದಲ್ಲಿ ದಾಖಲೆ ಮುರಿಯಿತು.

ಓಲಾಫ್ ಪರವಾಗಿಯೂ ಮಾತಾಡಿದವರಿದ್ದರು. ಮಕ್ಕಳು ನಕ್ಕರಲ್ಲ, ಇನ್ನೇನು ಬೇಕು ಅಂತ. ಸರಿಯೇ. ಮನೆಯಲ್ಲಿ ಟಿವಿ ಮುಂದೆ, ಬೇಡವಾದಾಗ ಎದ್ದು ಹೋಗುವ ಸ್ವಾತಂತ್ರ್ಯ ಇದ್ದರೆ ನಾನೂ ನಗುತ್ತೇನೆ. ಡಿಸೆಂಬರ್‌ನಲ್ಲಿ ಅಮೆರಿಕದ ಥಿಯೇಟರ್‌ಗಳಿಂದಲೂ ಅದನ್ನು ಇಳಿಸಿದರು. ಮೊದಲಿಂದಲೂ ಇದು ಸ್ವಲ್ಪ ದಿನಕ್ಕೆ ಮಾತ್ರ ಅಂತ ಇತ್ತಂತೆ. ಅದೇ ತಿಂಗಳು ಅದು ಎಬಿಸಿ ಟಿವಿಯಲ್ಲಿ ಬಂತು. ಹುಟ್ಟಬೇಕಿದ್ದ ಮನೆ ಸೇರಿತು.

ನಮ್ಮವರು ಇಷ್ಟಕ್ಕೆ ಬಿಡುತ್ತಿರಲಿಲ್ಲ. ಒಂದು ಮಲ್ಟಿಪ್ಲೆಕ್ಸ್ ಸಿನಿಮಾಕ್ಕೆ ಮುಂಚೆ 25 ನಿಮಿಷ ಜಾಹೀರಾತು ಹಾಕಿತು ಅಂತ ಬೆಂಗಳೂರಿನ ಪ್ರೇಕ್ಷಕರೊಬ್ಬರು ಗ್ರಾಹಕರ ಆಯೋಗಕ್ಕೇ ಹೋದರು. 2025ರ ಫೆಬ್ರವರಿಯಲ್ಲಿ ಆಯೋಗ, ಕಾಲ ಹಾಳಾದದ್ದಕ್ಕೂ ಮನಸ್ಸಿಗೆ ಬೇಜಾರಾದದ್ದಕ್ಕೂ ಅವರಿಗೆ 20 ಸಾವಿರ ರೂಪಾಯಿ ಕೊಡಿ ಅಂದಿತು. ಅಂದರೆ ನಿಮಿಷಕ್ಕೆ 800. ಈ ರೇಟಿನಲ್ಲಿ ಓಲಾಫ್ ತಲೆಗೆ 16,800 ರೂಪಾಯಿ ಬಾಕಿ ಇಟ್ಟುಕೊಂಡಿದ್ದಾನೆ. ಆದರೆ ಅವನು ಹೆದರಬೇಕಾಗಲಿಲ್ಲ. ಮುಂದಿನ ತಿಂಗಳೇ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು.

2018ರಲ್ಲಿ 'ಇನ್‌ಕ್ರೆಡಿಬಲ್ಸ್ 2'ಗೆ ಮುಂಚೆ 'ಬಾವ್' ಅನ್ನೋ ಪಿಕ್ಸಾರ್ ಚಿತ್ರ ಬಂತು, ಎಂಟು ನಿಮಿಷದ್ದು. ಅದರಲ್ಲಿ ತಾಯಿಯೊಬ್ಬಳು ತಾನೇ ಸಾಕಿ ಬೆಳೆಸಿದ ಕಡುಬನ್ನು ಗುಳುಂ ಅಂತ ನುಂಗಿಬಿಡುತ್ತಾಳೆ. ಇದೇನಪ್ಪಾ ಇದು ಅಂತ ಜನ ಬೆಚ್ಚಿಬಿದ್ದರು, ವಾದ ಮಾಡಿದರು, ಕೆಲವರು ಕಣ್ಣೊರೆಸಿಕೊಂಡರು. ಹಾಲ್ ತಪ್ಪಿತೇನೋ ಅಂತ ಮಾತ್ರ ಯಾರೂ ಎದ್ದು ಹೋಗಿ ಕೇಳಲಿಲ್ಲ.