ಕೊನೆಯ ವಾರದಲ್ಲಿ ಕ್ರೂಸ್ ಅರ್ಧ ಬೆಲೆಗೆ ಸಿಗುತ್ತದೆಯೇ? ಒಂದು ಸ್ಪಷ್ಟನೆ

‘ಮುಂಬಯಿಯಿಂದ ಗೋವಾಕ್ಕೆ ಹೋಗುವ ಕ್ರೂಸ್‌ಗೆ (ಹಡಗಿನ ವಿಹಾರಕ್ಕೆ) ಮೊದಲೇ ಬುಕ್ ಮಾಡಬೇಡಿ, ಹೊರಡುವ ಮುಂಚಿನ ಕೊನೆಯ ವಾರದಲ್ಲಿ ಅರ್ಧ ಬೆಲೆಗೆ ಸಿಗುತ್ತದೆ’ ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದನ್ನು ನಂಬಿ ದಯವಿಟ್ಟು ಕಾಯುತ್ತಾ ಕೂರಬೇಡಿ.

ಹಡಗಿನಲ್ಲಿ ಖಾಲಿ ಉಳಿದ ಕೋಣೆಗಳ ದರವನ್ನು ಕಂಪನಿಗಳು ಕೆಲವೊಮ್ಮೆ ಇಳಿಸುವುದು ನಿಜ. ಆದರೆ ಅದರ ಲಾಭ ಬಂದರಿನ ಊರಿನಲ್ಲೇ ಇರುವವರಿಗೆ, ಯಾವಾಗ ಬೇಕಾದರೂ ರಜೆ ಸಿಗುವವರಿಗೆ. ಹುಬ್ಬಳ್ಳಿಯಿಂದ ಹೊರಡುವವರು ಮುಂಬಯಿ ತಲುಪಬೇಕು. ಕೊನೆಯ ವಾರದಲ್ಲಿ ರೈಲಿನಲ್ಲಿ ವೇಟಿಂಗ್ ಲಿಸ್ಟ್, ವಿಮಾನಕ್ಕೆ ದುಬಾರಿ ದರ. ಉಳಿಸಿದ ಹಣ ಅಲ್ಲಿಗೇ ಹೋಗುತ್ತದೆ. ದೀಪಾವಳಿ, ಕ್ರಿಸ್‌ಮಸ್ ರಜೆಯಲ್ಲಂತೂ ಕೋಣೆಗಳು ತುಂಬಿದಂತೆ ದರ ಏರುತ್ತದೆ. ಮೂರು-ನಾಲ್ಕು ಜನ ಮಲಗುವ ಕೋಣೆಗಳು ಇರುವುದೇ ಕಡಿಮೆ. ಮಕ್ಕಳಿರುವವರು ತಡಮಾಡಬಾರದು.

ನಿಜವಾದ ಉಳಿತಾಯ ಬೇರೆಡೆ ಇದೆ. ಜಾಹೀರಾತಿನ ದರ ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರಿದ್ದರೆ ಒಬ್ಬರಿಗೆ ತಗಲುವ ದರ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಎರಡು ಪಟ್ಟು ಕೊಡಬೇಕಾಗಬಹುದು. ಬಂದರು ಶುಲ್ಕ, ಸಿಬ್ಬಂದಿಯ ಸೇವಾ ಶುಲ್ಕ, ಜಿಎಸ್‌ಟಿ ಹಲವು ಬಾರಿ ಬುಕಿಂಗ್‌ನ ಕೊನೆಯ ಪುಟದಲ್ಲಿ ಸೇರುತ್ತವೆ. ಮದ್ಯ, ವೈಫೈ, ದಡದ ಪ್ರವಾಸಕ್ಕೆ (ಹಡಗು ನಿಂತ ಊರು ಸುತ್ತಲು) ಬಹುತೇಕ ಪ್ರತ್ಯೇಕ ಹಣ. ಆದ್ದರಿಂದ ಶೇಕಡಾವಾರು ರಿಯಾಯಿತಿಗೆ ಮರುಳಾಗದೆ ಪಾವತಿಯ ಒಟ್ಟು ಮೊತ್ತವನ್ನೇ ಹೋಲಿಸಿ. ಕಿಟಕಿಯಿಲ್ಲದ ಒಳಕೋಣೆ ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗ. ಶಾಲೆಗಳು ನಡೆಯುವ ದಿನಗಳ, ವಾರದ ನಡುವಿನ ಪ್ರಯಾಣವನ್ನೂ ನೋಡಿ. ವಿದೇಶಿ ಕ್ರೂಸ್ ಯೋಚಿಸುವವರಿಗೆ ಜನವರಿಯಿಂದ ಮಾರ್ಚ್‌ವರೆಗೆ ಕೊಡುಗೆಗಳು ಹೆಚ್ಚು.

ಬುಕ್ ಮಾಡಿದ ಮೇಲೆ ದರ ಇಳಿದರೆ, ಪೂರ್ಣ ಹಣ ಕಟ್ಟುವ ಮೊದಲೇ ಏಜೆಂಟರನ್ನು ಕೇಳಿ. ಕೆಲವು ಕಂಪನಿಗಳು ವ್ಯತ್ಯಾಸವನ್ನು ಹೊಂದಿಸಿಕೊಡುತ್ತವೆ. ರದ್ದತಿ ನಿಯಮವನ್ನು ಮಾತ್ರ ಮುಂಗಡ ಕೊಡುವ ಮುನ್ನವೇ ಓದಿ: ಹೊರಡುವ ದಿನ ಹತ್ತಿರವಾದಂತೆ ಮರಳುವ ಹಣ ಕಡಿಮೆಯಾಗುತ್ತದೆ.