ಅಜ್ಜನ ಮನೆ, ಕಸ್ತೂರಿರಂಗನ್ ಮತ್ತು ಚಿಕ್ಕಪ್ಪನ ಸಹಿ

"ಕಸ್ತೂರಿರಂಗನ್ ವರದಿ ಬಂದ್ರೆ ಒಂದು ಹೆಂಚು ಬದಲಾಯಿಸೋಕೂ ದಿಲ್ಲಿಗೆ ಅರ್ಜಿ ಹಾಕ್ಬೇಕಂತೆ ಮಾರಾಯ."

ಹೊಸನಗರದ ಕಡೆ ಇರುವ ನಮ್ಮ ಅಜ್ಜನ ಮನೆ ರಿಪೇರಿ ಮಾಡಿಸೋಣ ಅಂತ ಹೊರಟಾಗ ಕನಿಷ್ಠ ಹತ್ತು ಜನ ಈ ಮಾತು ಹೇಳಿದರು. ಪಶ್ಚಿಮ ಘಟ್ಟದಲ್ಲಿ ಯಾವ ಜಾಗವನ್ನು ಪರಿಸರ ಸೂಕ್ಷ್ಮ ಪ್ರದೇಶ ಅಂತ ಕಾಪಾಡಬೇಕು ಎಂದು ಹೇಳುವ ವರದಿ ಅದು. ಮದುವೆ ಮನೆಯ ಪಂಕ್ತಿಯಲ್ಲೂ ಇದೇ, ಸೊಸೈಟಿ ಜಗಲಿಯಲ್ಲೂ ಇದೇ. ನಾನೂ ನಂಬಿದ್ದೆ. ಆಮೇಲೆ ಒಂದು ರಾತ್ರಿ ಕೂತು ಆ ವರದಿ ಆಧರಿಸಿ ಕೇಂದ್ರ ಸರ್ಕಾರ ಹೊರಡಿಸಿದ 2024ರ ಜುಲೈ 31ರ ಕರಡು ಅಧಿಸೂಚನೆ ಓದಿದೆ. 2014ರಿಂದ ಇದು ಆರನೇ ಕರಡು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರ ಸೂಕ್ಷ್ಮ ಪ್ರದೇಶದಲ್ಲಿದೆ, ನಮ್ಮ ಊರೂ ಇದೆ.

ಅದರಲ್ಲಿ ಬೇಡ ಅಂದಿರುವುದು ಯಾವುದನ್ನು? ಗಣಿ, ಕಲ್ಲು ಕ್ವಾರಿ, ಮರಳು, ಕೆಂಪು ಪಟ್ಟಿಯ (ಅಂದರೆ ಹೆಚ್ಚು ಮಾಲಿನ್ಯ ಮಾಡುವ) ಕಾರ್ಖಾನೆ, ಉಷ್ಣ ವಿದ್ಯುತ್ ಸ್ಥಾವರ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ. ಅಂದರೆ ಎರಡು ಲಕ್ಷ ಚದರ ಅಡಿಗೂ ಜಾಸ್ತಿ. ನಮ್ಮ ಮನೆ, ಕೊಟ್ಟಿಗೆ, ಅಡಿಕೆ ಬೇಯಿಸುವ ಜಾಗ, ನಾಯಿ ಮಲಗುವ ಮೂಲೆ ಎಲ್ಲ ಸೇರಿಸಿ ಅಳೆದರೂ ಐದು ಸಾವಿರ ದಾಟುವುದಿಲ್ಲ. ಇರುವ ವಾಸದ ಮನೆಯ ರಿಪೇರಿಗೆ, ವಿಸ್ತರಣೆಗೆ, ನವೀಕರಣಕ್ಕೆ ತಡೆ ಇಲ್ಲ ಅಂತ ಅದೇ ಕರಡಿನಲ್ಲಿ ಬರೆದಿದೆ. ಈಗಿನ ಕಾನೂನು ಪಾಲಿಸಬೇಕು, ಅಷ್ಟೇ. ಆದರೂ ಭಯ ಹೋಗಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ವರದಿಯನ್ನೇ ತಿರಸ್ಕರಿಸಿತು, ಜನ ಚಪ್ಪಾಳೆ ತಟ್ಟಿದರು. ಓದಿದವರು ಎಷ್ಟು ಜನವೋ!

ಸರಿ, ರಿಪೇರಿ ವಿಷಯಕ್ಕೆ ಬರ್ತೀನಿ. ನನ್ನ ಲೆಕ್ಕದಲ್ಲಿ ಕಾಡಂಚಿನ ಹಳೇ ಮನೆಯನ್ನು ಕೆಡವಿ ಆರ್‌ಸಿಸಿ ಹಾಕುವುದು ದಡ್ಡತನ. ಜಂಬಿಟ್ಟಿಗೆ ಗೋಡೆ ಇನ್ನೂ ಗಟ್ಟಿ ಇದೆ. ಹೆಂಚು ಹೊರುವ ಮರದ ಪಕಾಸು ನಾಲ್ಕೈದನ್ನು ಮಾತ್ರ ಹುಳ ತಿಂದಿವೆ, ಅವಕ್ಕೆ ಹಳೇ ಕೊಟ್ಟಿಗೆಯ ಮರವೇ ಸಾಕು, ಹೊಸ ಮರ ಕಡಿಯುವ ತಂಟೆಯೇ ಬೇಡ. ಹೆಂಚು ಇಳಿಸಿ, ತೊಳೆದು, ಒಡೆದದ್ದು ಬಿಟ್ಟು ಮತ್ತೆ ಹೊದಿಸಬಹುದು. ಬಚ್ಚಲ ನೀರು ತೋಟಕ್ಕೆ, ಸಗಣಿ ಗೋಬರ್ ಗ್ಯಾಸಿಗೆ, ಮಾಡಿನ ನೀರು ಬಾವಿ ಪಕ್ಕದ ಇಂಗುಗುಂಡಿಗೆ. ಅಜ್ಜ ಇದನ್ನೆಲ್ಲ ಹೆಸರಿಡದೆ ಮಾಡುತ್ತಿದ್ದರು, ನಾವು ಈಗ 'ಸುಸ್ಥಿರ' ಅಂತ ಬೋರ್ಡು ಹಾಕ್ತೀವಿ.

ನಮ್ಮನ್ನು ನಿಲ್ಲಿಸಿದ್ದು ಬೇರೆಯೇ. ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ, ಮನೆ ಇರುವುದು ಕೃಷಿ ಜಮೀನಿನಲ್ಲಿ. ಸಾಲ ಕೇಳಿದರೆ ಬ್ಯಾಂಕಿನವರು ನಮೂನೆ 9, 11 (ಗ್ರಾಮ ಪಂಚಾಯಿತಿ ಕೊಡುವ ಆಸ್ತಿ ದಾಖಲೆ) ತನ್ನಿ ಅಂದರು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡಿದ್ದು ಏಳು ಸಲ, ಪ್ರತಿ ಸಲವೂ ಹೊಸ ಕಾಗದ ಬೇಕು. ಕೊನೆಗೆ ತಿಳಿದದ್ದು, ಮೊದಲು ಪಾಲು ಆಗಬೇಕು, ಅದಕ್ಕೆ ಚಿಕ್ಕಪ್ಪನ ಸಹಿ ಬೇಕು.

ಚಿಕ್ಕಪ್ಪ ಸಹಿ ಹಾಕಿದ್ದು ಜೂನ್ ಮೊದಲ ವಾರ. ಆಗಲೇ ಮಳೆ ಹಿಡಿದಿತ್ತು. ಸದ್ಯಕ್ಕೆ ಮಾಡಿನ ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದೇವೆ.