ಮರಗಟ್ಟಬೇಕಾದ ಜಾಗ ಇರುವುದು ಅಷ್ಟೇ ಅಲ್ವಾ?

ಕೋಲಾರದ ಟೊಮೆಟೊ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವ ನಮ್ಮ ಭಾವನಿಗೆ ಕಳೆದ ತಿಂಗಳು ಪೈಲ್ಸ್ ಆಪರೇಷನ್ ಆಯಿತು. ಎರಡು ವರ್ಷದಿಂದ ರಕ್ತ ಹೋಗುತ್ತಿದ್ದರೂ ಅಕ್ಕನಿಗೂ ಹೇಳಿರಲಿಲ್ಲ. ನಾಚಿಕೆ ಒಂದು ಕಡೆ. ಅದಕ್ಕಿಂತ ಜಾಸ್ತಿ, ಮರಗಟ್ಟಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್ನಿನ ಭಯ.

ಭಯ ಹುಟ್ಟಿದ್ದು ಅಪ್ಪನನ್ನು ನೋಡಿ. ಕೆಲವು ವರ್ಷದ ಹಿಂದೆ ಅಪ್ಪನಿಗೂ ಇದೇ ಆಪರೇಷನ್, ಬೇರೆ ಆಸ್ಪತ್ರೆಯಲ್ಲಿ. ಕಾಲು ಇದೆಯೋ ಇಲ್ಲವೋ ಗೊತ್ತಾಗದೆ ಗಂಟೆಗಟ್ಟಲೆ ಮಲಗಿದ್ದರು. ರಾತ್ರಿ ಮೂತ್ರ ಕಟ್ಟಿಕೊಂಡಿತು, ಒದ್ದಾಡಿಬಿಟ್ಟರು. ಕೊನೆಗೆ ಪೈಪ್ ಹಾಕಿದರು. ಗಾಯದ ನೋವು ಮರೆತಿದ್ದಾರೆ, ಆ ಪೈಪನ್ನು ಮರೆತಿಲ್ಲ.

ಅದಕ್ಕೇ ಈ ಸಲ ಅರಿವಳಿಕೆ ಡಾಕ್ಟರನ್ನು ಹುಡುಕಿಕೊಂಡು ಹೋಗಿ ಕೇಳಿದೆ. "ಮೇಡಂ, ಆಪರೇಷನ್ ಅಷ್ಟು ಜಾಗಕ್ಕೆ. ಕಾಲು ಪೂರ್ತಿ ಯಾಕೆ ಮರಗಟ್ಟಬೇಕು?"

ಬೇಸರ ಮಾಡಿಕೊಳ್ಳದೆ ವಿವರಿಸಿದರು. ಔಷಧಿಯ ಹೆಸರು ಬುಪಿವಕೇನ್. ಗ್ಲೂಕೋಸ್ ಸೇರಿಸಿ ಅದನ್ನು ಭಾರ ಮಾಡಿರುತ್ತಾರೆ. ನೀರಿಗೆ ಬಿಟ್ಟ ಬೆಲ್ಲದ ಪಾಕ ತಳಕ್ಕೆ ಇಳಿಯುತ್ತದಲ್ಲ, ಹಾಗೇ ಬೆನ್ನೊಳಗಿನ ದ್ರವದಲ್ಲಿ ಅದೂ ಇಳಿಯುತ್ತದೆ. ಕೂರಿಸಿ ಇಂಜೆಕ್ಷನ್ ಕೊಟ್ಟು, 5-10 ನಿಮಿಷ ಹಾಗೇ ಕೂರಿಸಿದರೆ ತೀರಾ ಕೆಳಗಿನ ನರಗಳನ್ನು ಮಾತ್ರ ಹಿಡಿಯುತ್ತದೆ. ಕುದುರೆ ಜೀನಿಗೆ ತಾಗುವ ಜಾಗವಷ್ಟೇ ಜೋಮು. ಹೆಸರೇ ಸ್ಯಾಡಲ್ ಬ್ಲಾಕ್. ಕಾಲು ಪೂರ್ತಿ ಮರಗಟ್ಟಿಸುವ ಸಾಮಾನ್ಯ ಬೆನ್ನಿನ ಇಂಜೆಕ್ಷನ್ನಿಗೆ (ಸ್ಪೈನಲ್) 10-15 ಮಿಲಿಗ್ರಾಂ ಕೊಡುತ್ತಾರೆ. ಇದಕ್ಕೆ 5 ಅಥವಾ ಇನ್ನೂ ಕಡಿಮೆ ಸಾಕಾಗುತ್ತದಂತೆ. ಬಿ.ಪಿ. ಅಷ್ಟಾಗಿ ಇಳಿಯುವುದಿಲ್ಲ, ಮೂತ್ರ ಕಟ್ಟುವ ಕಾಟವೂ ಕಡಿಮೆ. ಮೂತ್ರ ಕಟ್ಟದಿರಲು ಡ್ರಿಪ್ ಕೂಡ ಸುಮ್ನೆ ಜಾಸ್ತಿ ಹಾಕಬಾರದು ಅಂದರು.

ಭಾವ ಟೇಬಲ್ ಮೇಲೆ ಕಾಲ್ಬೆರಳು ಆಡಿಸುತ್ತಿದ್ದರಂತೆ! ಸಂಜೆ ಅಕ್ಕನ ಕೈ ಹಿಡಿದು ತಾವೇ ಬಾತ್‌ರೂಮಿಗೆ ನಡೆದರು. ನೋವೇ ಇರಲಿಲ್ಲ ಅಂತಲ್ಲ. ಮದ್ದಿನ ಜೋಮು ಇಳಿದ ಮೇಲೆ ರಾತ್ರಿ ಚೆನ್ನಾಗಿಯೇ ನೋಯಿತು, ಮಾತ್ರೆ ಬೇಕಾಯಿತು.

ಎಲ್ಲರಿಗೂ ಇದೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆಳವಾದ ಫಿಸ್ಟುಲಾ (ಗುದದ ಹತ್ತಿರ ಕೊಳವೆಯ ಹಾಗೆ ಒಳಗೆ ಹೋಗುವ ಹುಣ್ಣು) ಇದ್ದರೆ, ಆಪರೇಷನ್ ಹೊತ್ತು ಹಿಡಿಯುವುದಾದರೆ ಮದ್ದು ಜಾಸ್ತಿ ಬೇಕಾಗಬಹುದು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಮೊದಲೇ ಹೇಳಲೇಬೇಕು, ಅವರಿಗೆ ಬೆನ್ನಿನ ಇಂಜೆಕ್ಷನ್ನಿನ ಲೆಕ್ಕವೇ ಬೇರೆ. ತೀರ್ಮಾನ ಡಾಕ್ಟರದ್ದೇ. ಆದರೆ ಕೇಳಬೇಕಾದವರು ನಾವು. ಸರ್ಜನ್ ಯಾರು, ಖರ್ಚು ಎಷ್ಟು ಅಂತ ಹತ್ತು ಜನರನ್ನು ವಿಚಾರಿಸುತ್ತೇವೆ. ಅರಿವಳಿಕೆ ಕೊಡುವವರ ಮುಖ ನೋಡುವುದು ಆಪರೇಷನ್ ಥಿಯೇಟರ್ ಒಳಗೆ. ಹಿಂದಿನ ದಿನವೇ ಹೋಗಿ ಕೇಳಿ: ಎಷ್ಟು ಕೊಡ್ತೀರಿ, ಕೂರಿಸಿ ಕೊಡ್ತೀರಾ, ಯಾವಾಗ ಎದ್ದು ಓಡಾಡಬಹುದು?

ಭಾವನನ್ನು ನೋಡಲು ಬಂದ ಅಪ್ಪ ಎಲ್ಲ ಕೇಳಿಸಿಕೊಂಡರು. "ನಂಗ್ಯಾಕೆ ಹಿಂಗೆ ಮಾಡ್ಲಿಲ್ಲ?" ಅಂದರು. ಅವತ್ತು ನಾವು ಯಾರೂ ಕೇಳಿರಲಿಲ್ಲ.